ಬೆರಕೆ ರಾಶಿಯ ಇಂಗ್ಲಿಷ್

ನೋಟುಬುಕ್ಕಿನ ಒಂದೇ ಪುಟದಲ್ಲಿ ಕೆಂಪು ಶಾಯಿಯಿಂದ ‘ಅಪ್’ ಎಂದು ನಲವತ್ತೆರಡು ಸಲ ಬರೆದಿದ್ದೆ. ಸ್ಕೇಲಿಟ್ಟು ಗೆರೆ ಹಾಕಿ, ಒಂದರ ಕೆಳಗೊಂದು. ಎಡಕ್ಕೆ ನೀಲಿ ಶಾಯಿಯಲ್ಲಿ ಗಿವ್, ಬ್ರಿಂಗ್, ಟರ್ನ್, ಬ್ರೇಕ್. ಬಲಕ್ಕೆ ಕನ್ನಡದ ಅರ್ಥ. ಮುಂದಿನ ಪುಟ ‘ಔಟ್’, ಅದರಾಚೆಯದು ‘ಆಫ್’.

ಅದನ್ನು ಮಾಡಿದ್ದು ನಮ್ಮ ಓಣಿಯ ಕೊನೆಯ ಮನೆಯ ಹುಡುಗಿಗಾಗಿ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದವಳು, ಆ ವರ್ಷ ಸೆಕೆಂಡ್ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿದ್ದಳು. ಮರುಪರೀಕ್ಷೆಗೆ ಮೂರು ವಾರವಿತ್ತು. ಗುತ್ತಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವಳ ತಾಯಿಯನ್ನು ನಾನು ಚಿಕ್ಕಂದಿನಿಂದಲೂ ಖಾಲಾ ಎಂದೇ ಕರೆಯುತ್ತಿದ್ದೆ. ಅವರು ನನ್ನೆದುರಿಗೇ ಮಗಳಿಗೆ ಹೇಳಿದ್ದರು: “ಪಾಸಾದಿ ಅಂದ್ರ ಬಿ.ಎ.ಗೆ ಹಚ್ಚತೇನಿ. ಇಲ್ಲಾಂದ್ರ ಅವರಿಗೆ ಹ್ಞೂಂ ಅಂತೇನಿ. ಆಮ್ಯಾಲೆ ಅಳಬ್ಯಾಡ.”

ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಪಾಠ ಹೇಳಿಕೊಡುತ್ತೀಯಾ ಎಂದು ಖಾಲಾ ಕೇಳಿದಾಗ ಒಪ್ಪಿಕೊಂಡೆ.

ಅವರ ಮನೆಯ ಅಂಗಳದಲ್ಲಿ ದಿನವೂ ಐದಾರು ಹೆಂಗಸರು ಕುಳಿತು ಮೆಣಸಿನಕಾಯಿ ಆರಿಸಿ ತೊಟ್ಟು ಬಿಡಿಸುತ್ತಿದ್ದರು. ನಾವಿಬ್ಬರೂ ಒಳಕೋಣೆಯಲ್ಲಿ, ಘಾಟು ಬಾರದಂತೆ ಬಾಗಿಲು ಅರ್ಧ ಮುಚ್ಚಿಕೊಂಡು ಕೂರುತ್ತಿದ್ದೆವು. ಆದರೂ ಇಬ್ಬರಲ್ಲಿ ಒಬ್ಬರು ಸೀನುತ್ತಲೇ ಇರುತ್ತಿದ್ದೆವು. ಹುಡುಗಿ ಗಟ್ಟಿಯಾಗಿ ಓದಬೇಕು, ನಾನು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಬೇಕು. ಅಂಗಳದಲ್ಲಿದ್ದ ಮುದುಕಿಯೊಬ್ಬಳು ಅಲ್ಲಿಂದಲೇ ಕೂಗುತ್ತಿದ್ದಳು: “ಏ ಹುಡುಗಿ, ಮುಂಜಾನಿಂದ ಅಪ್ಪಾ ಅಪ್ಪಾ ಅನ್ನಾಕತ್ತೀದಿ. ನಿಮ್ಮಪ್ಪ ಅಂಗಡಿಗೆ ಹೋಗ್ಯಾನಬೇ, ಸಂಜೀಕ ಬರ್ತಾನ!”

ಹತ್ತನೆಯ ದಿನ ಅವಳು ನಲವತ್ತೆರಡನ್ನೂ ಒಂದೂ ತಪ್ಪದೆ ಹೇಳಿದಳು. ನನಗೆ ಹಿತವಾಯಿತು. ಪುಟ ಅಚ್ಚುಕಟ್ಟಾಗಿದ್ದಂತೆ ಅವಳ ಉತ್ತರವೂ ಅಚ್ಚುಕಟ್ಟಾಗಿತ್ತು.

ಮರುದಿನ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟೆ. ಹತ್ತು ವಾಕ್ಯ, ಹತ್ತು ಖಾಲಿ ಜಾಗ. ಅಪ್, ಔಟ್, ಆಫ್ ಎಲ್ಲವೂ ಕಲೆತು ಬಂದಿದ್ದವು. ಸಭೆಯನ್ನು ರದ್ದು ಮಾಡಿದರು ಎನ್ನಬೇಕಾದಲ್ಲಿ ಅವಳು ‘ಕಾಲ್ ಆಫ್’ ಬಿಟ್ಟು ‘ಗಿವ್ ಅಪ್’ ಎಂದು ಬರೆದಿದ್ದಳು. ದೀಪ ಆರಿಸು ಎನ್ನಬೇಕಾದಲ್ಲಿ ‘ಪುಟ್ ಔಟ್’ ಬಿಟ್ಟು ‘ಪುಟ್ ಅಪ್’. ಹತ್ತರಲ್ಲಿ ಎರಡು ಸರಿ.

“ಅಕ್ಕಾರ, ಮ್ಯಾಲಿಂದ ಕೆಳಗ ಹೇಳಂದ್ರ ಹೇಳ್ತೇನ್ರಿ. ನಡುವಿಂದ ಒಂದ ಎತ್ತಿ ಕೇಳಿದ್ರ ಎಲ್ಲಾ ಒಂದ ಕಾಣತಾವ.”

“ಇನ್ನೊಮ್ಮೆ ಓದು,” ಎಂದೆ. ನನ್ನ ದನಿ ಬಿರುಸಾಗಿತ್ತು ಎಂಬುದು ನನಗೇ ಗೊತ್ತಿತ್ತು.

ಅದರ ಮಾರನೆಯ ದಿನ ಅವಳು ಪುಸ್ತಕ ತೆರೆಯಲಿಲ್ಲ. ಕಾಲೇಜಿಗೆ ಹೋಗಿ ಹಾಲ್ ಟಿಕೆಟ್ ತರಲು ಇನ್ನೊಂದೇ ದಿನ ಉಳಿದಿತ್ತು. “ನಾ ಹೋಗಂಗಿಲ್ರಿ ಅಕ್ಕಾರ. ನನ್ನ ತಲಿ ಅಷ್ಟ ಐತಿ. ಗುತ್ತಲದಾಗೂ ಮಂದಿ ಬಾಳೇವು ಮಾಡ್ತಾರ, ಬಿಡ್ರಿ,” ಎಂದಳು. ನಗಲು ನೋಡಿದಳು, ಆಗಲಿಲ್ಲ.

ನಾನು ಎದ್ದು ಅಂಗಳಕ್ಕೆ ಬಂದೆ. ಅಂದು ಕೆಲಸಕ್ಕೆ ಮೋಟೆಬೆನ್ನೂರಿನಿಂದ ಹೊಸಬಳೊಬ್ಬಳು ಬಂದಿದ್ದಳು. ಖಾಲಾ ಅವಳ ಮುಂದೆ ಒಂದು ರಾಶಿ ಸುರಿದರು. ಗಿಡ್ಡನೆಯ ದಪ್ಪ ಡಬ್ಬಿ ಕಾಯಿ, ಉದ್ದನೆಯ ಸುಕ್ಕು ಸುಕ್ಕಾದ ಕಡ್ಡಿ ಕಾಯಿ, ನುಣುಪಾದ ಗುಂಟೂರು ಕಾಯಿ, ಬಣ್ಣ ಹೋದ ಬಿಳಿಚು ಕಾಯಿ, ಎಲ್ಲ ಒಟ್ಟಿಗೆ. ಪಾಪ, ಆಕೆ ಯಾವುದಕ್ಕೆ ಕೈ ಹಾಕಬೇಕೆಂದು ತಿಳಿಯದೆ ಕುಳಿತಿದ್ದಳು.

“ಖಾಲಾ, ಹೊಸಬ್ರಿಗೆ ಮೊದಲ ಒಂದ ನಮೂನಿ ಕೊಟ್ಟು ಕಲಿಸ್ರಲ್ಲಾ,” ಎಂದೆ.

“ಬರೇ ಡಬ್ಬಿ ಕೊಟ್ರ ಕೈ ಓಡತೈತಿ ಬೇಟಿ, ಕಣ್ಣು ಮಲಗತೈತಿ. ನಾಳೆ ಬೆರಕಿ ಚೀಲ ಬಿಚ್ಚಿದ್ರ ಕಂಡದ್ದೆಲ್ಲಾ ಡಬ್ಬೀನ ಅಂತಾಳ. ಬಾಜೂಕ ಕಡ್ಡಿ ಇದ್ರನ ಡಬ್ಬಿ ಯಾವ್ದಂತ ಗೊತ್ತಾಗೂದು. ಇವತ್ತ ತಪ್ಪಲಿ ಬಿಡು. ನಾಲ್ಕ ದಿನಕ್ಕ ಬೆರಳಿಗೇ ತಿಳೀತೈತಿ.”

ಮುದುಕಿ ತಲೆ ಎತ್ತಿದಳು. “ಯಾಕಬೇ, ಧಾರವಾಡದಾಗ ಮೆಣಸಿನಕಾಯಿನೂ ಕಲಿಸ್ತಾರೇನ?” ಎಲ್ಲರೂ ನಕ್ಕರು. ಹೊಸಬಳೂ ನಕ್ಕಳು.

ನಾನು ಮನೆಗೆ ಬಂದೆ. ಮನಸ್ಸಿಗೆ ತಟ್ಟಿದ್ದು ಖಾಲಾ ಹೇಳಿದ ಹೊಸ ವಿಷಯವಲ್ಲ. ಒಂದೇ ನಮೂನೆಯ ಪಟ್ಟಿ ಕಲಿತವರು ಬೆರಕೆಯಲ್ಲಿ ತಡವರಿಸುತ್ತಾರೆ ಎಂದು ನನಗೆ ಮೊದಲೇ ಗೊತ್ತಿತ್ತು ಎಂಬುದು.

ಎಂಟು ತಿಂಗಳ ಹಿಂದೆ ಹಾವೇರಿಯ ಒಂದು ಕಾಲೇಜಿಗೆ ಉಪನ್ಯಾಸಕಿ ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. ಇಂಥವೇ ಪಟ್ಟಿಗಳನ್ನು ಬಾಯಿಪಾಠ ಮಾಡಿ ಕನ್ನಡ ಶಾಲೆಯಿಂದ ಎಂ.ಎ.ವರೆಗೆ ಬಂದವಳು ನಾನು. ಪಾಠ ಮಾಡುವುದು ನಿಮಗೇಕೆ ಇಷ್ಟ, ಸುಮ್ಮನೆ ಮಾತಾಡಿ ಎಂದರು, ಇಂಗ್ಲಿಷಿನಲ್ಲಿ. ಪದಗಳೆಲ್ಲ ತಮ್ಮ ತಮ್ಮ ಸಾಲಿನಲ್ಲಿ ನಿಂತಿದ್ದವು, ಒಂದೂ ಮುಂದೆ ಬರಲಿಲ್ಲ. ಎರಡು ವಾಕ್ಯ ಹೇಳಿ ಸುಮ್ಮನಾದೆ. ಮನೆಯಲ್ಲಿ, ಆ ಕೆಲಸಕ್ಕೆ ಯಾರನ್ನೋ ಮೊದಲೇ ತೆಗೆದುಕೊಂಡಿದ್ದರು ಎಂದೆ. ಯಾರೂ ಮತ್ತೆ ಕೇಳಲಿಲ್ಲ.

ಕಲಿಸಲು ಕುಳಿತಾಗ ಮತ್ತೆ ಅದೇ ಪಟ್ಟಿ ಏಕೆ ಮಾಡಿದೆ? ಅದರ ಹಿಂದೆ ಕುಳಿತರೆ ನಾನು ಮಾತಾಡಬೇಕಿರಲಿಲ್ಲ. ಬೆರಳಿಟ್ಟರೆ ಸಾಕಿತ್ತು. ಈಗ ಆ ಹುಡುಗಿ ತಪ್ಪು ತನ್ನ ತಲೆಯದೆಂದು ನಂಬಿ ಪರೀಕ್ಷೆಯನ್ನೇ ಬಿಡಲು ಹೊರಟಿದ್ದಳು. ಬರೀ ಧೈರ್ಯ ಹೇಳಿದರೆ ಅವಳು ನಂಬುವವಳಲ್ಲ. ನಂಬುವಂಥದ್ದು ನನ್ನಲ್ಲಿ ಒಂದೇ ಇತ್ತು. ಅದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಅವರ ಬಾಗಿಲಿಗೆ ಹೋದೆ. “ಹಾಲ್ ಟಿಕೆಟ್ ತರಾಕ ನಾನೂ ಬರ್ತೇನಿ. ಲಗೂ ತಯಾರಾಗು,” ಎಂದೆ. ಅವಳು ತಾಯಿಯ ಮುಖ ನೋಡಿದಳು. “ಅಕ್ಕಾರ ಬಾಗಲಿಗೆ ಬಂದು ನಿಂತಾರ, ಮಾರಿ ಏನ ನೋಡ್ತಿ, ಹೋಗು,” ಎಂದರು ಖಾಲಾ.

ಬಸ್ಸು ಊರು ಬಿಟ್ಟ ಮೇಲೆ ಹಾವೇರಿಯಲ್ಲಿ ನಡೆದದ್ದನ್ನು ಹೇಳಿದೆ. ಮನೆಯಲ್ಲಿ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ನೋಟುಬುಕ್ಕು ಮಾಡಿದ ರೀತಿಯೇ ತಪ್ಪು, ತಪ್ಪು ನಿನ್ನದಲ್ಲ ಎಂದೆ.

“ಖರೇನ್ರಿ ಅಕ್ಕಾರ? ಎರಡ ವಾಕ್ಯ?”

“ಎರಡ.”

“ನಾನೂ ಎರಡ ಸರಿ ಬರೆದಿದ್ದೆ. ಹಂಗಾದ್ರ ನೀವು ನಾನು ಸಮಾ ಆದ್ವಿ,” ಎಂದು ಓಢಣಿಯನ್ನು ಬಾಯಿಗೆ ಹಿಡಿದು ನಕ್ಕಳು. ಆಮೇಲೆ, “ಹಾಲ್ ಟಿಕೆಟಿಗೆ ಫೋಟೋ ಬೇಕಾಗತೈತೇನ್ರಿ?” ಎಂದು ಕೇಳಿದಳು.

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಬುಟ್ಟಿ ಹೊತ್ತ ಹೆಂಗಸು ಇಳಿದಳು, ಇಬ್ಬರು ಹತ್ತಿದರು, ಡ್ರೈವರ್ ಎಂಜಿನ್ ಆರಿಸಿ ಚಹಾಕ್ಕೆ ಹೋದ. ಕಿಟಕಿಯಾಚೆ ಕಂಡದ್ದನ್ನೆಲ್ಲ, ಪಟ್ಟಿಯ ಸಾಲಿಲ್ಲದೆ ಕಂಡ ಹಾಗೆಯೇ, ನಾನು ಇಂಗ್ಲಿಷಿನಲ್ಲಿ ಅವಳಿಗೆ ಹೇಳತೊಡಗಿದೆ. ಗೆಟ್ ಆಫ್, ಗೆಟ್ ಆನ್, ಸ್ವಿಚ್ ಆಫ್, ಪಿಕ್ ಅಪ್, ಲುಕ್ ಔಟ್. ನಡುವೆ ಎರಡು ಕಡೆ ತಡವರಿಸಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ.