ಮ್ಯಾಪಿನ ಅಕ್ಕ

ಹರಿಹರದಿಂದ ದಾವಣಗೆರೆಯ ಆಫೀಸಿಗೆ ನಾನು ವರ್ಷಗಟ್ಟಲೆ ರೈಲಿನಲ್ಲೇ ಓಡಾಡಿದವನು. ಬಡ್ತಿ ಸಿಕ್ಕಿದಾಗ, ಇನ್ನಾದರೂ ಸುಖವಾಗಿರೋಣವೆಂದು ಕಾರು ಕೊಂಡೆ. ಸೀಟೇನೋ ಮೆತ್ತಗಿತ್ತು, ಆದರೆ ಪಕ್ಕದಲ್ಲಿ ಮಾತಾಡಲು ಯಾರೂ ಇರಲಿಲ್ಲ. ಕಣ್ಣು ಮುಚ್ಚಿದರೂ ಗೊತ್ತಿರುವ ದಾರಿಗೆ ಮೊಬೈಲಿನಲ್ಲಿ ಮ್ಯಾಪ್ ಹಾಕತೊಡಗಿದೆ, ಒಂದು ದನಿಯಾದರೂ ಕೇಳಲಿ ಎಂದು. ಆ ಹೆಣ್ಣುದನಿ "ಎಡಕ್ಕೆ ತಿರುಗಿ" ಎಂದರೆ ನಾನು "ಆತ್ರೀ ಅಕ್ಕಾರೆ, ತಿಂಡಿ ಆತಾ?" ಎನ್ನುತ್ತಿದ್ದೆ.

ಒಂದು ಭಾನುವಾರ ಸೀರೆ ತರಲು ದಾವಣಗೆರೆಗೆ ಹೊರಟಾಗ ಹೆಂಡತಿಯ ಎದುರಿಗೇ ಅಭ್ಯಾಸಬಲದಿಂದ ಹಾಗೆ ಕೇಳಿಬಿಟ್ಟೆ.

"ಯಾರ್ರೀ ಆಕಿ?" ಎಂದಳು.

"ಯಾರೂ ಅಲ್ಲ, ಮ್ಯಾಪು."

"ನನಗ ತಿಂಡಿ ಆತಾ ಅಂತ ಒಂದಿನಾನಾದ್ರೂ ಕೇಳೀರಾ? ನಾಳಿಂದ ಸುಮ್ನ ರೈಲಿಗೆ ಹೋಗ್ರಿ."

ಮರುದಿನ ರೈಲು ಹತ್ತಿದೆ. ಹಳೆಯ ಗೆಳೆಯರು ಪೇಪರಿನ ಮೇಲೆ ಮಂಡಕ್ಕಿ ಹರಡಿಕೊಂಡು ಕುಳಿತಿದ್ದರು. ಅವರಲ್ಲೊಬ್ಬ ಮೇಷ್ಟ್ರು ಸರಿದು ಜಾಗ ಕೊಟ್ಟರು.

"ಬರ್ರಿ ಸಾಹೇಬ್ರೆ, ಕೂಡ್ರಿ. ಕಾರು ಕೆಟ್ಟೈತೇನು?"

"ಕಾರು ಚಲೋ ಐತ್ರಿ. ನನ್ನ ತಲೀನೇ ಸ್ವಲ್ಪ ಕೆಟ್ಟಿತ್ತು" ಎಂದು ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿಸಿಕೊಂಡರು. ಅವರ ಬೆನ್ನು ತಟ್ಟುವಷ್ಟರಲ್ಲಿ ದಾವಣಗೆರೆ ಬಂದೇಬಿಟ್ಟಿತು. ಈ ಊರು ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎನ್ನಿಸಿತು.