ಬೋಲ್ಟಿನ ಮೇಲೊಂದು ಕೆಂಪು ಗೆರೆ

ಕಳೆದ ವರ್ಷದ ಏಪ್ರಿಲ್. ಪರೀಕ್ಷೆಯ ಪೇಪರ್ ತಿದ್ದಿ ಮುಗಿದು ರಜೆ ಸಿಕ್ಕಿತ್ತು. ಮೂಡಿಗೆರೆಯಲ್ಲಿ ನಾದಿನಿಯ ಮಗಳ ಮದುವೆ. ಗಂಡ ಎರಡು ದಿನ ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ಅತ್ತೆ, ಚಿಕ್ಕತ್ತೆ ಮತ್ತು ನನ್ನ ಇಬ್ಬರು ಮಕ್ಕಳನ್ನು ನಮ್ಮ ಏಳು ಸೀಟಿನ ಗಾಡಿಯಲ್ಲಿ ಕೂರಿಸಿಕೊಂಡು ಮೂಡುಬಿದಿರೆಯಿಂದ ಚಾರ್ಮಾಡಿ ಘಾಟಿ ಹತ್ತಿಸುವ ಜವಾಬ್ದಾರಿ ನನ್ನದು.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಂಶಯದ ಬುದ್ಧಿ. ಬಂಗುಡೆಯ ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹಿಂದಿನ ಬೆಂಚಿನವನ ಉತ್ತರ ಸರಿಯಿದ್ದರೆ ಮೊದಲು ಅವನ ಪಕ್ಕದವನ ಪೇಪರ್ ನೋಡುತ್ತೇನೆ. ಆದರೆ ನಮ್ಮ ಊರಿನವರೆಲ್ಲರ ಹಾಗೆ ನನ್ನ ಸಂಶಯಕ್ಕೂ ಒಂದು ವಿನಾಯಿತಿ ಇತ್ತು. ಗುರ್ತದವರು. ಗುರ್ತದವರ ಅಂಗಡಿ, ಗುರ್ತದ ಡಾಕ್ಟರು, ಗುರ್ತದ ಗ್ಯಾರೇಜು. ಅಲ್ಲಿ ಪ್ರಶ್ನೆ ಕೇಳಿದರೆ ಅವರ ಮರ್ಯಾದೆ ತೆಗೆದ ಹಾಗೆ.

ಸ್ಟಿಯರಿಂಗ್ ಕಟಕಟ ಎನ್ನುತ್ತಿದ್ದುದಕ್ಕೆ ಹಿಂದಿನ ವಾರವಷ್ಟೇ ಮೈದುನ ಪ್ರಕಾಶನ ಗ್ಯಾರೇಜಿನಲ್ಲಿ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆವು. ಸದ್ದು ನಿಂತಿತು. ಆದರೆ ಸ್ಟಿಯರಿಂಗ್ ಸ್ವಲ್ಪ ಸಡಿಲ ಅನಿಸಿತು. ಕೇಳಿದರೆ, "ಹೊಸ ಬುಶ್ ಹಾಕಿದ್ದಲ್ವ ಅತ್ತಿಗೆ, ಓಡಿದ ಹಾಗೆ ಸೆಟ್ ಆಗ್ತದೆ" ಎಂದ. ಮನೆಯವನೇ ಅಲ್ಲವೇ, ಸುಮ್ಮನಾದೆ.

ವೇಣೂರು ದಾಟುವಾಗ ಸಡಿಲ ಇನ್ನೂ ಹೆಚ್ಚಾಯಿತು. ಸ್ಟಿಯರಿಂಗನ್ನು ನಾಲ್ಕು ಬೆರಳಿನಷ್ಟು ತಿರುಗಿಸಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಗುರುವಾಯನಕೆರೆ ಹತ್ತಿರ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಎಡಕ್ಕೆ ಎಳೆದೆ, ಗಾಡಿ ಒಂದು ಕ್ಷಣ ಅದರ ಪಾಡಿಗೆ ನೇರವಾಗಿಯೇ ಹೋಯಿತು. ಬಸ್ಸು ಕನ್ನಡಿಯ ಪಕ್ಕದಲ್ಲೇ ಉಜ್ಜಿಕೊಂಡಂತೆ ದಾಟಿತು. ಮೊದಲು ಕಣ್ಣಿಗೆ ಬಿದ್ದ ಗ್ಯಾರೇಜಿಗೆ ಮೆಲ್ಲನೆ ಗಾಡಿ ತಿರುಗಿಸಿದೆ.

ಕನ್ನಡಕಕ್ಕೆ ನೂಲು ಕಟ್ಟಿಕೊಂಡ, ಐವತ್ತು ದಾಟಿದ ಒಬ್ಬರು ಎದ್ದು ಬಂದರು. ಹೆಸರು ಗಿಲ್ಬರ್ಟ್ ಎಂದರು. ಕೀ ಇಸಿದುಕೊಂಡು ಅಂಗಳದಲ್ಲೇ ಒಂದು ಸುತ್ತು ಹೊಡೆದು ಇಳಿದರು.

"ಎಲ್ಲಿಗೆ ಹೊರಟದ್ದು ನೀವು?"

"ಮೂಡಿಗೆರೆಗೆ."

"ಘಾಟಿಯಲ್ಲಾ? ಈ ಗಾಡಿಯಲ್ಲಿ ಹೋಗುದು ಬೇಡ" ಎಂದವರೇ ಕೀಯನ್ನು ತಮ್ಮ ಕಿಸೆಗೆ ಹಾಕಿಕೊಂಡು, "ಒಂದು ಚಾ ಕುಡಿದು ಬರ್ತೇನೆ, ಮತ್ತೆ ನೋಡುವ" ಎಂದು ಎದುರಿನ ಹೋಟೆಲಿಗೆ ಹೋದರು.

"ಕೀ ಕಿಸೆಗೆ ಹಾಕಿದ್ದು ನೋಡಿದೆಯಾ?" ಎಂದು ಅತ್ತೆ ಪಿಸುಗುಟ್ಟಿದರು. ನೋಡದೆ ಇರುತ್ತೇನೆಯೇ! ಹೋಟೆಲಿನ ಪಕ್ಕದ ಬಿಡಿಭಾಗದ ಅಂಗಡಿಯವನು ಅವರಿಗೆ ಕೈ ಬೀಸಿದ್ದನ್ನೂ ನೋಡಿದ್ದೆ. ಇಬ್ಬರೂ ಸೇರಿಯೇ ಬಲೆ ಹಾಕಿದ್ದಾರೆ ಎಂದುಕೊಂಡೆ. ಪ್ರಕಾಶನಿಗೆ ಫೋನ್ ಮಾಡಿದೆ. "ಅಯ್ಯೋ ಅತ್ತಿಗೆ, ಹೆಂಗಸರು ಅಂತ ಹೆದರಿಸ್ತಾರೆ ಅಷ್ಟೆ. ಏನೂ ಆಗುದಿಲ್ಲ, ಮೆಲ್ಲ ಹೊರಡಿ" ಎಂದ.

ಹೊರಡೋಣವೆಂದರೆ ಕೀ ಇಲ್ಲ. ಒಳ್ಳೆಯ ಸಾಮಾನು ಬಿಚ್ಚಿ ಹಳತು ಜೋಡಿಸಿಬಿಟ್ಟರೆ? ಮಗಳ ಚೀಲದಲ್ಲಿ ಮದುವೆಗೆಂದು ಇಟ್ಟುಕೊಂಡಿದ್ದ ಕೆಂಪು ನೇಲ್ ಪಾಲಿಶ್ ಇತ್ತು. ಅವರು ಬರುವುದರೊಳಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬ್ಯಾಟರಿಗೆ, ನಾಲ್ಕೂ ಟೈರಿಗೆ, ಸ್ಟೆಪ್ನಿಗೆ ಒಂದೊಂದು ಬೊಟ್ಟು ಇಟ್ಟೆ. ಮಕ್ಕಳಿಗೆ ನಗು. ನನಗೆ ಮಾತ್ರ ದೊಡ್ಡ ಕಳ್ಳನನ್ನು ಹಿಡಿಯುವ ಹುಮ್ಮಸ್ಸು.

ಗಿಲ್ಬರ್ಟ್ ಬಂದು ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಎರಡೂ ಬದಿ ಹಿಡಿದು ಅಲ್ಲಾಡಿಸಿದರು. "ಇಲ್ಲಿ ಏನೂ ತೊಂದರೆ ಇಲ್ಲ. ಹೊಸ ಸಾಮಾನು ಬೇಡ" ಎಂದರು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಆಮೇಲೆ ಗಾಡಿ ಇಳಿಸಿ, ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸಲು ನನಗೆ ಹೇಳಿ ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟರು. ಎರಡು ನಿಮಿಷಕ್ಕೆ, "ಟೀಚರ್, ಇಳಿದು ಬನ್ನಿ" ಎಂದರು. ನಾನು ಟೀಚರೆಂದು ಅತ್ತೆ ಆಗಲೇ ವರದಿ ಒಪ್ಪಿಸಿದ್ದರು.

"ಸ್ಟಿಯರಿಂಗಿನ ರಾಡು ಕೆಳಗೆ ಸೇರುವ ಜಾಗ ಇದು. ಇದನ್ನು ಹಿಡಿದು ನಿಲ್ಲಿಸುದು ಈ ಒಂದೇ ಬೋಲ್ಟು. ನೀವೇ ತಿರುಗಿಸಿ."

ಕೈ ಹಾಕಿದೆ. ಬೋಲ್ಟು ಎರಡು ಬೆರಳಿಗೇ ಉಪ್ಪಿನಕಾಯಿ ಬಾಟಲಿಯ ಮುಚ್ಚಳದಂತೆ ತಿರುಗಿತು.

"ಇತ್ತೀಚೆಗೆ ಯಾರೋ ಬಿಚ್ಚಿದ್ದಾರೆ. ವಾಪಸ್ ಹಾಕುವಾಗ ಟೈಟ್ ಮಾಡ್ಲಿಕ್ಕೆ ಮರ್ತಿದ್ದಾರೆ. ಘಾಟಿಯ ತಿರುವಿನಲ್ಲಿ ಇದು ಕಳಚಿದ್ರೆ ಸ್ಟಿಯರಿಂಗ್ ನಿಮ್ಮ ಕೈಯಲ್ಲಿ, ಗಾಡಿ ಕಂದಕದಲ್ಲಿ. ಅದಕ್ಕೇ ಕೀ ಕಿಸೆಗೆ ಹಾಕಿದ್ದು. ಗಡಿಬಿಡಿಯವರು ಹೇಳಿದ್ರೆ ಕೇಳುದಿಲ್ಲ ಮಾರಾಯ್ರೆ."

ಹಿಂದಿನ ಸೀಟಿನಲ್ಲಿ ಮಕ್ಕಳು ಚಿಕ್ಕತ್ತೆಯ ತೊಡೆಯ ಮೇಲೆ ಚಕ್ಕುಲಿ ತಿನ್ನುತ್ತಿದ್ದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಜೋಡಣೆಯ ಹಲ್ಲು ಸವೆದಿಲ್ಲವೆಂದು ನನಗೆ ತೋರಿಸಿ, ಹೊಸ ಬೋಲ್ಟು ಹಾಕಿ ಬಿಗಿದರು. ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. ಸ್ಟಿಯರಿಂಗಿಗೆ ನನ್ನನ್ನೇ ಕೂರಿಸಿದರು. ಬೆಳ್ತಂಗಡಿ ಪೇಟೆಯವರೆಗೆ ಓಡಿಸಿ ನೋಡಿ ವಾಪಸ್ ಬಂದೆವು. ಕೈ ಹೇಳಿದ್ದನ್ನು ಚಕ್ರ ಈಗ ಕೂಡಲೇ ಕೇಳುತ್ತಿತ್ತು.

ಎಲ್ಲ ಮುಗಿದ ಮೇಲೆ ಅವರು ಕೈ ಒರೆಸುತ್ತಾ, "ಇನ್ನು ಆ ಕೆಂಪು ಬಾಟಲಿ ಕೊಡಿ" ಎಂದರು.

ನನ್ನ ಮುಖ ಎಲ್ಲಿ ಅಡಗಿಸಲಿ ಎಂದಾಯಿತು. ಬೊಟ್ಟುಗಳನ್ನೆಲ್ಲ ಮೊದಲೇ ನೋಡಿದ್ದರು. "ಪೇಪರ್ ತಿದ್ದಿದ ಹಾಗೆ ಮಾರ್ಕ್ ಹಾಕಿದ್ದೀರಿ, ಮುಖ್ಯ ಜಾಗವೇ ಬಿಟ್ಟುಹೋಗಿದೆ" ಎಂದು ನಕ್ಕು, ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಒಂದೇ ನೇರ ಗೆರೆ ಎಳೆದರು. "ಬೋಲ್ಟು ಅಲ್ಲಾಡಿದ್ರೆ ಗೆರೆ ತುಂಡಾಗ್ತದೆ. ನನ್ನನ್ನು ನಂಬಬೇಕೂಂತ ಇಲ್ಲ ಟೀಚರ್. ಗೆರೆ ನೋಡಿ, ಸಾಕು."

ಮದುವೆಯ ಪಂಕ್ತಿಯಲ್ಲಿ ಪ್ರಕಾಶ ನನ್ನ ಎದುರೇ ಕುಳಿತಿದ್ದ. "ಎಂತ ಅತ್ತಿಗೆ, ಆ ಗ್ಯಾರೇಜಿನವ ಸುಮ್ಮನೆ ಹೆದರಿಸಿದ್ದಲ್ವ?" ಎಂದು ಕೇಳಿದ. ಹಳೆಯ ಬೋಲ್ಟನ್ನು ಅವನ ಎಲೆಯ ಪಕ್ಕದಲ್ಲಿಟ್ಟೆ. ಅದನ್ನು ಎಡಗೈಯಲ್ಲಿ ಎತ್ತಿ ನೋಡಿದ. ಪಾಯಸ ಬಡಿಸಿದವರಿಗೆ ಬೇಡವೆಂದು ಕೈ ಅಡ್ಡ ಹಿಡಿದ. ಅವನ ಮೇಲೆ ಸಿಟ್ಟಿತ್ತು, ಆದರೆ ನನ್ನ ಮೇಲೇ ಹೆಚ್ಚು.

ಈಗಲೂ ಪ್ರತಿ ಭಾನುವಾರ ಬಾನೆಟ್ ಎತ್ತಿ ಟಾರ್ಚ್ ಹಿಡಿಯುತ್ತೇನೆ. ಗೆರೆ ನೇರವಾಗಿಯೇ ಇದೆ. ಜೀವ ಉಳಿಸಿದವರನ್ನು ಕಳ್ಳನೆಂದುಕೊಂಡು ಟೈರಿಗೆಲ್ಲ ಬೊಟ್ಟು ಇಟ್ಟು ಕಾದವಳು, ಮೈದುನ ಬಿಚ್ಚಿದ ಬೋಲ್ಟನ್ನು ಮಾತ್ರ ಒಮ್ಮೆಯೂ ಬಗ್ಗಿ ನೋಡಿರಲಿಲ್ಲವಲ್ಲ ಎಂದು ಆಗೆಲ್ಲ ನೆನಪಾಗುತ್ತದೆ.