ವಾಡಿಯ ಹಾಲಿನಂಗಡಿಯ ದಾರಿ

ಮೊನ್ನೆ ಸ್ಟಾಫ್ ರೂಮಿನಲ್ಲಿ ಯಾರೋ ಖಡಕ್ ರೊಟ್ಟಿಯ ಡಬ್ಬಿ ತೆರೆದರು. ಆ ಒಣ ಜೋಳದ ವಾಸನೆಗೆ ನನ್ನ ಪ್ರಾಣಿಶಾಸ್ತ್ರದ ಸರ್ ನೆನಪಾದರು... ಇಲಿಗಳಿಗೆಂದು ಅವರ ಜೇಬಿನಲ್ಲಿ ಸದಾ ಅದರ ಚೂರುಗಳಿರುತ್ತಿದ್ದವು.

ಶಹಾಬಾದ್ ಕಲ್ಲಿನ ಪಟ್ಟಿಗಳನ್ನು ನಿಲ್ಲಿಸಿ, ಪ್ರಯೋಗಾಲಯದ ನೆಲದ ಮೇಲೆ ನಾಲ್ಕು ದಾರಿ ಕೂಡುವ ಪುಟ್ಟ ಓಣಿಗಳನ್ನು ಕಟ್ಟಿದ್ದರು. ಕಿಟಕಿಯ ಕಡೆಯ ಓಣಿಯಲ್ಲಿ ರೊಟ್ಟಿ. ಬಾಗಿಲ ಕಡೆಯಿಂದ ಬಿಟ್ಟ ಇಲಿ ದಿನಾ ಬಲಕ್ಕೆ ತಿರುಗಿ ತಿನ್ನುತ್ತಿತ್ತು. ವಾರದ ಮೇಲೆ ಅದನ್ನು ಎದುರುಗಡೆಯಿಂದ ಬಿಟ್ಟರು. ಎಡಕ್ಕೆ ತಿರುಗಿ ಸರಿಯಾಗಿ ಕಿಟಕಿಯ ಕಡೆಗೇ ಹೋಯಿತು. ಬಾಗಿಲ ಕಡೆಯಿಂದಲೇ ತಿಂಗಳುಗಟ್ಟಲೆ ಓಡಿ ರೂಢಿಯಾದ ಮೇಲೆ ಮತ್ತೆ ಎದುರುಗಡೆಯಿಂದ ಬಿಟ್ಟಾಗ, ಬಲಕ್ಕೇ ತಿರುಗಿ ಖಾಲಿ ಓಣಿಯಲ್ಲಿ ಪೆಚ್ಚಾಗಿ ನಿಂತಿತು. ನಾವು ನಕ್ಕೆವು.

“ನಗಬ್ಯಾಡ್ರಿ. ಜಾಗಾದ ನಕ್ಷೆ ಮಿದುಳಿನ ಹಿಪ್ಪೊಕ್ಯಾಂಪಸ್‌ನಾಗ ಇರ್ತದ. ರೂಢಿ ಬ್ಯಾರೆ ಭಾಗದಾಗ. ನಕ್ಷೆ ಹೋದ್ರೂ ರೂಢಿ ಉಳೀತದ,” ಅಂದರು. ಪರೀಕ್ಷೆಯಲ್ಲಿ ಹಾಗೇ ಬರೆದು ಪಾಸಾದೆ. ಮುಂದೆ ಅದೇ ಪಾಠ ಹೇಳುವ ಮೇಷ್ಟ್ರೂ ಆದೆ.

ನಿವೃತ್ತರಾದ ಮೇಲೆ ಸರ್‌ಗೆ ಮರೆವಿನ ಕಾಯಿಲೆ ಹತ್ತಿತು. ನನ್ನ ಹೆಸರು ಹೋಯಿತು, ತೀರಿಹೋದ ಹೆಂಡತಿಯ ಹೆಸರೂ ಹೋಯಿತು. ಆದರೂ ವಾಡಿ ಊರಿನ ತಮ್ಮ ಹಳೆಯ ಮನೆಯಿಂದ ದಿನಾ ಬೆಳಿಗ್ಗೆ ಗಿಂಡಿ ಹಿಡಿದು ಹೊರಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಹಾಲು ತಂದೇ ತರುತ್ತಿದ್ದರು. ಸೇಡಂನಲ್ಲಿದ್ದ ಮಗಳು, ಅದೇ ವಿಷಯ ಓದಿದವನೆಂದು ನನ್ನನ್ನು ಕೇಳಿದಳು.

“ಅಣ್ಣಾ, ಅಪ್ಪಾಗ ನನ್ ಕಡಿ ಕರ್ಕೊಂಡು ಬರ್ಲೇನ್ರಿ? ನೀವು ಹ್ಯಾಂಗ ಅಂತೀರಿ ಹಂಗ.”

“ಕರ್ಕೊಂಡು ಹೋಗವ್ವಾ, ನಿನ್ ಕಡಿನೇ ಚಲೋ ಇರ್ತಾರ,” ಅಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಸೇಡಂಗೆ ಹೋದ ಮೂರನೇ ದಿನವೇ ಸರ್ ಕಾಣೆಯಾದರು. ಸಿಕ್ಕಿದ್ದು ಮಧ್ಯಾಹ್ನ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಯಾರದೋ ಮುಚ್ಚಿದ ಬಾಗಿಲಿಗೆ ಗಿಂಡಿ ಚಾಚಿ ನಿಂತಿದ್ದರಂತೆ. ಅವತ್ತಿನಿಂದ ಮಗಳು ಹೊರಗಿನಿಂದ ಚಿಲಕ ಹಾಕತೊಡಗಿದಳು. ಪಾಪ, ಇನ್ನೇನು ಮಾಡಿಯಾಳು. ನಾನು ನೋಡಲು ಹೋದಾಗ ಅವರು ಬಾಗಿಲ ಬಳಿಯೇ ಕುಳಿತಿದ್ದರು.

“ನನಗ ಮನಿಗಿ ಬಿಡ್ರಿ ಸಾಹೇಬ್ರ,” ಅಂದರು ನನಗೆ.

ಅವರಿಗೆ ಉಳಿದಿದ್ದ ಒಂದೇ ದಾರಿಯನ್ನು ಕಿತ್ತುಕೊಂಡವನು ನಾನು. ಚಹಾ ಕುಡಿದು ಎದ್ದು ಬಂದೆ.

ಆರು ತಿಂಗಳಲ್ಲಿ ಸರ್ ಹೋದರು. ಅಂದು ಅಳು ಬರಲಿಲ್ಲ, ಈಗಲೂ ಬರುವುದಿಲ್ಲ... ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲೋ ಯಾರದಾದರೂ ಮದುವೆಯಲ್ಲೋ ಸಿಕ್ಕರೆ ಮಗಳು ಕೈಮುಗಿಯುತ್ತಾಳೆ.

“ನೀವು ಹೇಳಿದ್ದಕ್ಕ ಅಪ್ಪ ಕಡೀಕ ನನ್ ಕಡಿ ಇದ್ರು. ನಿಮ್ ಉಪಕಾರ ಭಾಳ ಆತ್ರಿ ಅಣ್ಣಾ.”

ನಾನು ಹೂಂ ಅನ್ನುತ್ತೇನೆ.